ಬೀಜಗಣಿತದ ಭಾಸ್ಕರಾಚಾರ್ಯರು

ಹನ್ನೆರಡನೆಯ ಶತಮಾನದ ಕನ್ನಡನಾಡು ಅನೇಕ ಮಹತ್ಕಾರ್ಯಗಳನ್ನು ಕಂಡಿತು. ಆ ಶತಮಾನದ ಆರಂಭದಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಕಲ್ಯಾಣದಿಂದ ರಾಜ್ಯವಾಳುತ್ತಿದ್ದನು. ಬಿಲ್ಹಣನಂತಹ ಕವಿಯೂ ವಿಜ್ಞಾನೇಶ್ವರನಂತಹ ಧರ್ಮಶಾಸ್ತ್ರಜ್ಞನೂ ಅವನ ಆಶ್ರಯವನ್ನು ಪಡೆದಿದ್ದರು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ೧೧೧೭ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದನು. ಶತಮಾನದ ನಡುಭಾಗದಲ್ಲಿ ಬಸವಣ್ಣನವರೂ ಅವರ ಸಂಗಾತಿಗಳೂ ಜನರ ಮಾತಿನಲ್ಲಿಯೇ ವಚನಗಳನ್ನು ರಚಿಸಿದರು. ಶಿಲ್ಪಿಯ ಉಳಿ, ಶರಣರ ನುಡಿ ಎರಡೂ ತಮ್ಮ ಕೆಲಸವನ್ನು ಮಾಡುತ್ತಿದ್ದ ಅದೇ ದಿನಗಳಲ್ಲಿ ಒಬ್ಬ ವಿದ್ವಾಂಸರು ಹಲಗೆಯ ಮೇಲೆ ಧೂಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆದು ಅಳಿಸುತ್ತ, ಕಣ್ಣಿಗೆ ಕಾಣದ ಸಂಖ್ಯೆಗಳನ್ನು ಅರಸುತ್ತಿದ್ದರು. ಅವರೇ ಭಾಸ್ಕರಾಚಾರ್ಯರು.

ಪ್ರಾಚೀನ ಭಾರತದ ವಿದ್ವಾಂಸರಲ್ಲಿ ಹಲವರ ಕಾಲವನ್ನು ಊಹೆಯಿಂದ ಹೇಳಬೇಕಾಗುತ್ತದೆ. ಭಾಸ್ಕರಾಚಾರ್ಯರ ವಿಷಯದಲ್ಲಿ ಆ ತೊಂದರೆಯಿಲ್ಲ. ತಾವು ಹುಟ್ಟಿದ್ದು ಶಕವರ್ಷ ೧೦೩೬ರಲ್ಲಿ, ಎಂದರೆ ಕ್ರಿ.ಶ. ೧೧೧೪ರಲ್ಲಿ, ಎಂದು ಅವರೇ ತಮ್ಮ ಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಸಹ್ಯಪರ್ವತದ ಸೀಮೆಯ ವಿಜ್ಜಡವಿಡ ಎಂಬ ಊರನ್ನೂ ಹೆಸರಿಸಿದ್ದಾರೆ. ಈ ವಿಜ್ಜಡವಿಡವೇ ಇಂದಿನ ವಿಜಯಪುರ ಎಂಬುದು ಕನ್ನಡನಾಡಿನಲ್ಲಿ ಬಹುಕಾಲದಿಂದ ನೆಲೆಗೊಂಡ ಅಭಿಪ್ರಾಯ. ಸಹ್ಯಾದ್ರಿಯ ಮಾತನ್ನು ಹಿಡಿದು, ಅದು ಖಾನದೇಶದ ಚಾಳೀಸಗಾಂವದ ಕಡೆಯ ಊರು ಎನ್ನುವ ವಿದ್ವಾಂಸರೂ ಇದ್ದಾರೆ. ಏಳನೆಯ ಶತಮಾನದಲ್ಲಿ ಭಾಸ್ಕರ ಎಂಬ ಹೆಸರಿನ ಮತ್ತೊಬ್ಬ ಗಣಿತಜ್ಞನಿದ್ದುದರಿಂದ ಇವರನ್ನು ಎರಡನೆಯ ಭಾಸ್ಕರರೆಂದು ಕರೆಯುವ ರೂಢಿಯುಂಟು.

ಅವರದು ವಿದ್ಯೆಯನ್ನೇ ಆಸ್ತಿಯನ್ನಾಗಿ ಪಡೆದ ಮನೆತನ. ಶಾಂಡಿಲ್ಯ ಗೋತ್ರದ ಈ ವಂಶದ ಹಿರಿಯರಲ್ಲೊಬ್ಬನಾದ ಭಾಸ್ಕರಭಟ್ಟನಿಗೆ ಭೋಜರಾಜನು ವಿದ್ಯಾಪತಿ ಎಂಬ ಬಿರುದನ್ನು ಕೊಟ್ಟಿದ್ದನೆಂದು ಶಾಸನ ಹೇಳುತ್ತದೆ. ತಂದೆ ಮಹೇಶ್ವರೋಪಾಧ್ಯಾಯರು ಜ್ಯೋತಿಷದಲ್ಲಿ ಪಾರಂಗತರು. ಭಾಸ್ಕರಾಚಾರ್ಯರಿಗೆ ಅವರೇ ಗುರುಗಳು. ತಮ್ಮ ಬುದ್ಧಿಯ ಮೊಳಕೆ ಒಡೆದದ್ದು ತಂದೆಯವರ ಬಳಿಯಲ್ಲಿಯೇ ಎಂದು ಅವರು ಗ್ರಂಥದಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ಆ ಕಾಲದಲ್ಲಿ ಇಂದಿನಂತೆ ಕಾಗದದ ಬಳಕೆ ಇರಲಿಲ್ಲ. ತಾಳೆಗರಿಯು ಮುಗಿದ ಗ್ರಂಥವನ್ನು ಬರೆದಿಡುವುದಕ್ಕೆ ಮಾತ್ರ ಮೀಸಲು. ಲೆಕ್ಕವನ್ನು ಮಾಡುವುದು ಧೂಳಿನ ಮೇಲೆ. ಅದಕ್ಕೆ ಧೂಳೀಕರ್ಮ ಎಂಬ ಹೆಸರೂ ಇತ್ತು. ಮಧುಗಿರಿ, ಶಿರಾ, ಪಾವಗಡಗಳ ಕಡೆಯ ಹಳ್ಳಿಗಳೂ ಸೇರಿದಂತೆ ನಮ್ಮ ನಾಡಿನಲ್ಲಿ ಕೂಲಿಮಠದ ಐಗಳು ಮಕ್ಕಳ ಬೆರಳು ಹಿಡಿದು ಮರಳಿನಲ್ಲಿ ಅಕ್ಷರವನ್ನು ತಿದ್ದಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಪದ್ಧತಿಯ ಬೇರು ಬಹಳ ಹಳೆಯದು. ಧೂಳಿನ ಲೆಕ್ಕದಲ್ಲಿ ಒಂದು ಕಷ್ಟವಿದೆ. ಮುಂದಿನ ಹೆಜ್ಜೆಯನ್ನು ಬರೆಯಬೇಕಾದರೆ ಹಿಂದಿನ ಹೆಜ್ಜೆಯನ್ನು ಅಳಿಸಬೇಕಾಗುತ್ತದೆ. ಉತ್ತರ ಉಳಿಯುತ್ತದೆ, ಬಂದ ದಾರಿ ಉಳಿಯುವುದಿಲ್ಲ. ದಾರಿಯನ್ನು ಉಳಿಸಬೇಕೆನ್ನುವವನು ಅದನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಭಾಸ್ಕರಾಚಾರ್ಯರು ಹಾಗೆ ಬರೆದಿಟ್ಟವರು.

೧೧೫೦ರಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಅವರು ಸಿದ್ಧಾಂತ ಶಿರೋಮಣಿ ಎಂಬ ಮಹಾಗ್ರಂಥವನ್ನು ಮುಗಿಸಿದರು. ಲೀಲಾವತೀ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂದು ಅದರಲ್ಲಿ ನಾಲ್ಕು ಭಾಗಗಳು. ಮೊದಲನೆಯದು ಅಂಕಗಣಿತ, ಎರಡನೆಯದು ಅವ್ಯಕ್ತಗಣಿತ. ಉಳಿದೆರಡು ಗ್ರಹಗಳ ಗತಿಯನ್ನೂ ಭೂಗೋಲ ಖಗೋಲಗಳನ್ನೂ ಕುರಿತವು. ಭೂಮಿಯು ಗುಂಡಾಗಿದೆಯೆಂದೂ, ಅದನ್ನು ಹೊತ್ತು ನಿಲ್ಲುವ ಆಧಾರ ಬೇರೊಂದಿಲ್ಲವೆಂದೂ, ಅದಕ್ಕೆ ವಸ್ತುಗಳನ್ನು ತನ್ನೆಡೆಗೆ ಸೆಳೆಯುವ ಶಕ್ತಿಯಿದೆಯೆಂದೂ ಅವರು ಗೋಲಾಧ್ಯಾಯದಲ್ಲಿ ಪ್ರತಿಪಾದಿಸಿದ್ದಾರೆ. ಗ್ರಂಥಕ್ಕೆ ವಾಸನಾಭಾಷ್ಯವೆಂಬ ವಿವರಣೆಯನ್ನು ತಾವೇ ಬರೆದರು. ಪದ್ಯದಲ್ಲಿ ಸೂತ್ರವನ್ನು ಹೇಳಿ ಮುಗಿಸದೆ, ಅದು ಏಕೆ ಹಾಗೆ ಎಂಬುದನ್ನು ತಿಳಿಸುವುದು ಅವರ ಸ್ವಭಾವವಾಗಿತ್ತು.

ಲೀಲಾವತಿಯ ಹೆಸರಿನ ಸುತ್ತ ಒಂದು ಕಥೆ ಹಬ್ಬಿದೆ. ಲೀಲಾವತಿಯು ಭಾಸ್ಕರಾಚಾರ್ಯರ ಮಗಳು. ಅವಳ ಮದುವೆಯ ಮುಹೂರ್ತವನ್ನು ಅಳೆಯಲು ನೀರಿನ ಗಡಿಯಾರವನ್ನಿಟ್ಟಿದ್ದರು. ಅವಳು ಬಗ್ಗಿ ನೋಡುವಾಗ ಆಭರಣದ ಮುತ್ತೊಂದು ಬಟ್ಟಲಿಗೆ ಬಿದ್ದು ರಂಧ್ರ ಮುಚ್ಚಿ ಮುಹೂರ್ತ ತಪ್ಪಿಹೋಯಿತು. ಮಗಳ ದುಃಖವನ್ನು ನೀಗಲು ತಂದೆ ಅವಳ ಹೆಸರಿನಲ್ಲಿ ಗ್ರಂಥ ರಚಿಸಿದರು ಎಂಬುದು ಆ ಕಥೆ. ಇದು ಭಾಸ್ಕರಾಚಾರ್ಯರ ಬರಹದಲ್ಲೆಲ್ಲಿಯೂ ಇಲ್ಲ. ಅಕ್ಬರನ ಆಸ್ಥಾನಕವಿ ಫೈಜಿಯು ೧೫೮೭ರಲ್ಲಿ ಮಾಡಿದ ಪಾರಸೀ ಅನುವಾದದ ಮೂಲಕ ಪ್ರಚಾರಕ್ಕೆ ಬಂದದ್ದು. ಕಥೆ ಸೊಗಸಾಗಿದೆ, ಆದರೆ ಅದನ್ನು ಕಥೆಯೆಂದೇ ಓದಬೇಕು. ಗ್ರಂಥದಲ್ಲಿ ನಿಜವಾಗಿ ಇರುವುದು ಕಮಲಗಳೂ ದುಂಬಿಗಳೂ ವ್ಯಾಪಾರಿಗಳೂ ತುಂಬಿದ ಲೆಕ್ಕಗಳು. ಒಂಬತ್ತು ಮೊಳದ ಕಂಬದ ಮೇಲೆ ಕುಳಿತ ನವಿಲು, ಇಪ್ಪತ್ತೇಳು ಮೊಳ ದೂರದಿಂದ ಕಂಬದ ಬುಡದ ಬಿಲಕ್ಕೆ ಬರುತ್ತಿರುವ ಹಾವು. ಎರಡೂ ಸಮದೂರ ಸಾಗಿ ಸಂಧಿಸುವುದು ಬಿಲದಿಂದ ಎಷ್ಟು ದೂರದಲ್ಲಿ? ಹನ್ನೆರಡು ಮೊಳ ದೂರದಲ್ಲಿ ಎಂದು ಲೆಕ್ಕ ಮಾಡುವ ಹುಡುಗನಿಗೆ ಲಂಬಕೋನ ತ್ರಿಭುಜದ ನಿಯಮವನ್ನು ಕಲಿತೆನೆಂಬ ಅರಿವೇ ಆಗುವುದಿಲ್ಲ.

ಕನ್ನಡನಾಡಿನಲ್ಲಿ ಗಣಿತದ ಪರಂಪರೆ ಭಾಸ್ಕರಾಚಾರ್ಯರಿಂದ ಮೊದಲಾದುದಲ್ಲ. ಅವರಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದ್ದನು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡ ಭಾಷೆಯಲ್ಲಿ ವ್ಯವಹಾರಗಣಿತವನ್ನು ಬರೆದನು. ಭಾಸ್ಕರಾಚಾರ್ಯರು ಬರೆದದ್ದು ಸಂಸ್ಕೃತದಲ್ಲಿ. ಆದ್ದರಿಂದಲೇ ಅವರ ಗ್ರಂಥ ಭಾರತದ ಮೂಲೆಮೂಲೆಗೂ ಬೇಗ ತಲುಪಿತು.

ಅವರ ಎರಡನೆಯ ಭಾಗವಾದ ಬೀಜಗಣಿತದಲ್ಲಿ ತಿಳಿಯದ ಸಂಖ್ಯೆಗೆ ಯಾವತ್ತಾವತ್ ಎಂದು ಹೆಸರು. ಎಷ್ಟೋ ಅಷ್ಟು ಎಂಬುದು ಅದರ ಅರ್ಥ. ಬರೆಯುವಾಗ ಅದನ್ನು ಯಾ ಎಂದು ಸಂಕ್ಷೇಪಿಸುವರು. ಅದರ ವರ್ಗಕ್ಕೆ ಯಾವ, ಘನಕ್ಕೆ ಯಾಘ, ಕೇವಲ ಅಂಕಿಗೆ ರೂಪ ಅಥವಾ ರೂ. ಅಜ್ಞಾತ ಸಂಖ್ಯೆಗಳು ಒಂದಕ್ಕಿಂತ ಹೆಚ್ಚಾದರೆ ಕಪ್ಪು, ನೀಲಿ, ಹಳದಿ ಎಂದು ಬಣ್ಣಗಳ ಹೆಸರು ಕೊಡುವರು. ಋಣಸಂಖ್ಯೆಯಾದರೆ ಅಂಕಿಯ ತಲೆಯ ಮೇಲೊಂದು ಚುಕ್ಕೆ. ಈ ಗುರುತುಗಳೆಲ್ಲ ಭಾಸ್ಕರಾಚಾರ್ಯರೇ ಕಂಡುಹಿಡಿದವಲ್ಲ. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭ ಇವರ ಬೀಜಗಣಿತಗಳು ಬಹು ವಿಸ್ತಾರವಾಗಿರುವುದರಿಂದ ಶಿಷ್ಯರಿಗಾಗಿ ಅವುಗಳ ಸಾರವನ್ನು ತೆಗೆದು ಕೊಡುತ್ತಿರುವುದಾಗಿ ಅವರು ಗ್ರಂಥದ ಕೊನೆಯಲ್ಲಿ ಹೇಳಿಕೊಂಡಿದ್ದಾರೆ.

ವರ್ಗಸಮೀಕರಣವನ್ನು ಬಿಡಿಸುವ ಕ್ರಮಕ್ಕೆ ಮಧ್ಯಮಾಹರಣ, ಎಂದರೆ ನಡುವಿನ ಪದವನ್ನು ತೆಗೆದುಹಾಕುವುದು, ಎಂಬ ಹೆಸರಿತ್ತು. ಎರಡು ಪಕ್ಷಗಳಿಗೂ ತಕ್ಕ ಸಂಖ್ಯೆಯನ್ನು ಕೂಡಿಸಿ ಅಜ್ಞಾತವಿರುವ ಪಕ್ಷವನ್ನು ಪೂರ್ಣವರ್ಗವನ್ನಾಗಿ ಮಾಡಿ, ಅನಂತರ ವರ್ಗಮೂಲ ತೆಗೆಯುವುದು ಅದರ ತಂತ್ರ. ಇಲ್ಲಿ ಎರಡು ಉತ್ತರಗಳು ಬರುವುದುಂಟು. ಒಂದು ಕಪಿಗಳ ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ ಹನ್ನೆರಡು ಬೆಟ್ಟದ ಮೇಲಿವೆ, ಹಿಂಡು ಎಷ್ಟು? ನಲವತ್ತೆಂಟು ಎಂದರೂ ಸರಿ, ಹದಿನಾರು ಎಂದರೂ ಸರಿ. ಭಾಸ್ಕರಾಚಾರ್ಯರು ಎರಡನ್ನೂ ಒಪ್ಪಿದರು. ಇನ್ನೊಂದು ಲೆಕ್ಕದಲ್ಲಿ ಹಿಂಡಿನ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು, ವರ್ಗ ಮಾಡಿದಷ್ಟು ಕಪಿಗಳು ಗುಹೆಗೆ ಹೋದವು. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಸಮೀಕರಣ ಕೊಡುವ ಉತ್ತರಗಳು ಐವತ್ತು ಮತ್ತು ಐದು. ಐದರ ಐದನೆಯ ಒಂದು ಭಾಗ ಒಂದು; ಅದರಲ್ಲಿ ಮೂರನ್ನು ಕಳೆಯುವುದೆಂದರೆ ಇಲ್ಲದ ಕಪಿಗಳನ್ನು ಎಣಿಸಿದಂತಾಯಿತು. ಇದು ಲೋಕ ಒಪ್ಪುವ ಮಾತಲ್ಲವೆಂದು ಅವರು ಐದನ್ನು ಕೈಬಿಟ್ಟರು. ಸೂತ್ರ ಏನನ್ನು ಕೊಟ್ಟರೂ ಅದನ್ನು ಲೆಕ್ಕದ ಸಂದರ್ಭಕ್ಕೆ ಒಡ್ಡಿ ನೋಡುವ ಎಚ್ಚರ ಅವರಲ್ಲಿ ಯಾವಾಗಲೂ ಇತ್ತು.

ಇಷ್ಟರವರೆಗಿನ ದಾರಿ ಹಿಂದಿನವರು ನಡೆದದ್ದೇ. ಮುಂದೆ ಭಾಸ್ಕರಾಚಾರ್ಯರು ಘನಸಮೀಕರಣದ ಬಾಗಿಲಿಗೆ ಬಂದು ನಿಂತರು. ಅವರು ಶಿಷ್ಯರ ಮುಂದಿಟ್ಟ ಪ್ರಶ್ನೆಯ ಸಾರ ಇದು: ಒಂದು ಸಂಖ್ಯೆಯ ಘನಕ್ಕೆ ಅದೇ ಸಂಖ್ಯೆಯ ಹನ್ನೆರಡರಷ್ಟನ್ನು ಕೂಡಿಸಿದರೆ, ಅದರ ವರ್ಗದ ಆರರಷ್ಟಕ್ಕೆ ಮೂವತ್ತೈದನ್ನು ಕೂಡಿಸಿದಷ್ಟಾಗುತ್ತದೆ; ಆ ಸಂಖ್ಯೆ ಯಾವುದು? ಅವರ ಪದ್ಧತಿಯಲ್ಲಿ ಎರಡು ಪಕ್ಷಗಳನ್ನು ಒಂದರ ಕೆಳಗೊಂದರಂತೆ ಹೀಗೆ ಬರೆಯುವರು:

ಯಾಘ ೧  ಯಾವ ೦  ಯಾ ೧೨  ರೂ ೦
ಯಾಘ ೦  ಯಾವ ೬  ಯಾ ೦  ರೂ ೩೫

ಎರಡು ಪಕ್ಷಗಳಿಂದಲೂ ಆರು ವರ್ಗಗಳನ್ನು ಕಳೆದರೆ, ಒಂದು ಕಡೆ ಘನದಿಂದ ಆರು ವರ್ಗಗಳನ್ನು ಕಳೆದು ಹನ್ನೆರಡು ಯಾ ಕೂಡಿಸಿದ ಮೊತ್ತ, ಇನ್ನೊಂದು ಕಡೆ ಮೂವತ್ತೈದು. ಇಲ್ಲಿ ವರ್ಗಸಮೀಕರಣದ ಉಪಾಯ ನಡೆಯುವುದಿಲ್ಲ. ಪೂರ್ಣವರ್ಗಕ್ಕೆ ಬದಲಾಗಿ ಪೂರ್ಣಘನವನ್ನು ಕಟ್ಟಬೇಕು.

ಘನದ ಅಂಗಾಂಗಗಳನ್ನು ಅವರು ಲೀಲಾವತಿಯಲ್ಲಿಯೇ ಬಿಡಿಸಿ ತೋರಿಸಿದ್ದರು. ಒಂದು ಸಂಖ್ಯೆಯನ್ನು ಎರಡು ತುಂಡು ಮಾಡಿ, ಆ ತುಂಡುಗಳ ಗುಣಲಬ್ಧದ ಮೂರರಷ್ಟನ್ನು ಇಡೀ ಸಂಖ್ಯೆಯಿಂದ ಗುಣಿಸಿ, ತುಂಡುಗಳ ಘನಗಳನ್ನು ಕೂಡಿಸಿದರೆ ಸಂಖ್ಯೆಯ ಘನ ಬರುತ್ತದೆ. ಒಂಬತ್ತನ್ನು ನಾಲ್ಕು, ಐದು ಎಂದು ತುಂಡು ಮಾಡಿದರೆ ಮೊದಲ ಭಾಗ ೫೪೦, ನಾಲ್ಕರ ಘನ ೬೪, ಐದರ ಘನ ೧೨೫, ಒಟ್ಟು ೭೨೯. ಇದನ್ನು ಅರಿತವನು ಯಾ ಎಂಬ ಅಜ್ಞಾತದಿಂದ ಎರಡನ್ನು ಕಳೆದು ಘನ ಮಾಡಿದರೆ ಏನು ಬರುವುದೆಂದು ಹೇಳಬಲ್ಲನು: ಯಾ ಘನ, ಅದರಿಂದ ಆರು ವರ್ಗಗಳು ಕಳೆದು, ಹನ್ನೆರಡು ಯಾ ಕೂಡಿ, ಎಂಟು ಕಳೆದದ್ದು. ಆರು ಎಂಬುದು ಎರಡರ ಮೂರರಷ್ಟು. ಹನ್ನೆರಡು ಎಂಬುದು ಎರಡರ ವರ್ಗದ ಮೂರರಷ್ಟು. ಪ್ರಶ್ನೆಯಲ್ಲಿರುವ ಆರೂ ಹನ್ನೆರಡೂ ಒಂದೇ ಎರಡರ ಕಡೆಗೆ ಬೆರಳು ಮಾಡುತ್ತಿವೆ. ಪೂರ್ಣಘನವಾಗಲು ಕೊರತೆಯಾದದ್ದು ಎಂಟನ್ನು ಕಳೆಯುವುದೊಂದೇ. ಭಾಸ್ಕರಾಚಾರ್ಯರು ಎರಡು ಪಕ್ಷಗಳಿಂದಲೂ ಎಂಟನ್ನು ಕಳೆದರು. ಒಂದು ಕಡೆ ಯಾ ದಿಂದ ಎರಡು ಕಳೆದದ್ದರ ಘನ, ಇನ್ನೊಂದು ಕಡೆ ಇಪ್ಪತ್ತೇಳು. ಘನಮೂಲ ತೆಗೆದರೆ ಯಾ ದಿಂದ ಎರಡು ಕಳೆದದ್ದು ಮೂರು. ಆದ್ದರಿಂದ ಯಾ ಎಂದರೆ ಐದು.

ಇಂದು ಪುರವರದಲ್ಲಿರಲಿ, ವಿಜಯಪುರದಲ್ಲಿರಲಿ, ಒಂಬತ್ತನೆಯ ತರಗತಿಯ ವಿದ್ಯಾರ್ಥಿಯು ಇದೇ ಲೆಕ್ಕವನ್ನು ಬೇರೊಂದು ಬಗೆಯಲ್ಲಿ ಮಾಡುತ್ತಾನೆ. ಎಲ್ಲ ಪದಗಳನ್ನೂ ಒಂದೇ ಕಡೆಗೆ ತಂದು, ಬಹುಪದೋಕ್ತಿಯನ್ನು ಅಪವರ್ತಿಸುತ್ತಾನೆ. ಕೊನೆಯ ಸಂಖ್ಯೆ ಮೂವತ್ತೈದು. ಅದರ ಅಪವರ್ತನಗಳು ೧, ೫, ೭, ೩೫. ಯಾ ಇರುವಲ್ಲಿ ಒಂದನ್ನು ಇಟ್ಟರೆ ಬೆಲೆ ಸೊನ್ನೆಯಾಗುವುದಿಲ್ಲ, ಋಣ ಇಪ್ಪತ್ತೆಂಟಾಗುತ್ತದೆ. ಐದನ್ನು ಇಟ್ಟರೆ ೧೨೫ ರಿಂದ ೧೫೦ ಕಳೆದು, ೬೦ ಕೂಡಿ, ೩೫ ಕಳೆದು ಸರಿಯಾಗಿ ಸೊನ್ನೆ ಬರುತ್ತದೆ. ಆದ್ದರಿಂದ ಯಾ − ೫ ಎಂಬುದು ಒಂದು ಅಪವರ್ತನ. ಅದರಿಂದ ಭಾಗಿಸಿದರೆ ದೊರೆಯುವುದು:

(ಯಾ − ೫) (ಯಾ ವರ್ಗ − ಯಾ + ೭)

ಎರಡನೆಯ ಅಪವರ್ತನವನ್ನು ಸೊನ್ನೆಯಾಗಿಸುವ ವಾಸ್ತವ ಸಂಖ್ಯೆ ಯಾವುದೂ ಇಲ್ಲ. ಆದುದರಿಂದ ಭಾಸ್ಕರಾಚಾರ್ಯರು ಐದು ಎಂಬ ಒಂದೇ ಉತ್ತರವನ್ನು ಕೊಟ್ಟದ್ದರಲ್ಲಿ ಲೋಪವೇನೂ ಇಲ್ಲ. ಅವರ ಹೆಜ್ಜೆಯಿಂದಲೇ ಹೊರಟು, ಎರಡು ಘನಗಳ ವ್ಯತ್ಯಾಸದ ಸೂತ್ರವನ್ನು ಹಚ್ಚಿದರೂ ಇದೇ ಅಪವರ್ತನಗಳು ಕೈಗೆ ಬರುತ್ತವೆ. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು.

ಆದರೆ ಈ ಉಪಾಯದ ಬಲ ಎಷ್ಟು? ಹನ್ನೆರಡರ ಬದಲು ಹದಿಮೂರು ಇದ್ದರೆ ಏನಾಗುತ್ತದೆಂದು ನೋಡಿದರೆ ಅದು ತಿಳಿಯುತ್ತದೆ. ಘನಕ್ಕೆ ಹದಿಮೂರು ಯಾ ಕೂಡಿದರೆ ಆರು ವರ್ಗಗಳಿಗೆ ನಲವತ್ತು ಕೂಡಿದಷ್ಟು ಎಂದಿಟ್ಟುಕೊಳ್ಳೋಣ. ಇದಕ್ಕೂ ಉತ್ತರ ಐದೇ. ಆದರೆ ಇಲ್ಲಿ ಆರು ತೋರಿಸುವ ಸಂಖ್ಯೆಯೊಂದು, ಹದಿಮೂರು ತೋರಿಸುವುದು ಇನ್ನೊಂದು. ಎರಡನ್ನೇ ಹಿಡಿದು ಪೂರ್ಣಘನವನ್ನು ಕಟ್ಟಿದರೆ ಇನ್ನೊಂದು ಪಕ್ಷದಲ್ಲಿ ಮೂವತ್ತೆರಡರಿಂದ ಯಾ ಕಳೆದದ್ದು ನಿಲ್ಲುತ್ತದೆ. ಅಜ್ಞಾತವು ಆಚೆಗೂ ಈಚೆಗೂ ಇದ್ದು, ಘನಮೂಲ ತೆಗೆಯುವ ದಾರಿ ಮುಚ್ಚಿಹೋಗುತ್ತದೆ. ಕೊಂಚ ಬದಲಾದ ಒಂದು ಅಂಕಿಯ ಮುಂದೆ ಇಡೀ ಉಪಾಯ ಕೈಕಟ್ಟಿ ಕುಳಿತಂತಾಯಿತು.

ಭಾಸ್ಕರಾಚಾರ್ಯರಿಗೆ ಇದು ತಿಳಿದಿತ್ತು. ಬಿಡಿಸಲು ಬರುವಂತಹ ಒಂದು ಲೆಕ್ಕವನ್ನು ಮಾತ್ರ ತೋರಿಸಿ, ಘನಸಮೀಕರಣಕ್ಕೆಲ್ಲ ಸೂತ್ರ ದೊರೆಯಿತೆಂದು ಸುಮ್ಮನಾಗಬಹುದಾಗಿತ್ತು. ಆಗಿನ ವಿದ್ವಾಂಸರಿಗೆ ರಾಜಾಶ್ರಯವೂ ಶಿಷ್ಯವೃತ್ತಿಯೂ ದೊರೆಯುತ್ತಿದ್ದುದು ತಿಳಿದವರೆಂಬ ಹೆಸರಿನಿಂದಲೇ ಎಂಬುದನ್ನು ನೆನೆದರೆ, ಆ ಆಸೆ ಸಣ್ಣದಲ್ಲ. ಅವರು ಹಾಗೆ ಮಾಡಲಿಲ್ಲ. ಘನವಿರುವಲ್ಲಿ, ವರ್ಗವರ್ಗವಿರುವಲ್ಲಿ, ಅಜ್ಞಾತ ಪಕ್ಷಕ್ಕೆ ಮೂಲ ದೊರೆಯದೆ ಹೋದರೆ ಈ ಕ್ರಿಯೆ ಸಾಗದೆಂದೂ, ಅಲ್ಲಿ ಗಣಕನು ತನ್ನ ಬುದ್ಧಿಯಿಂದಲೇ ಉತ್ತರವನ್ನು ಕಾಣಬೇಕೆಂದೂ ಗ್ರಂಥದಲ್ಲಿಯೇ ಬರೆದರು. ತಮ್ಮ ಶಾಸ್ತ್ರದ ಗಡಿ ಎಲ್ಲಿದೆಯೆಂಬುದನ್ನು ಶಿಷ್ಯರಿಗೆ ಕಲ್ಲು ನೆಟ್ಟು ತೋರಿಸಿದಂತೆ ಇದೆ ಈ ಮಾತು.

ಬುದ್ಧಿಯಿಂದ ಕಾಣುವುದು ಎಂದರೇನೆಂಬುದಕ್ಕೆ ಅವರು ಮತ್ತೊಂದು ಲೆಕ್ಕವನ್ನು ಕೊಟ್ಟರು. ಒಂದು ಸಂಖ್ಯೆಯ ವರ್ಗದ ವರ್ಗದಿಂದ ಅದರ ವರ್ಗದ ಎರಡರಷ್ಟನ್ನೂ, ಸಂಖ್ಯೆಯ ನಾನೂರರಷ್ಟನ್ನೂ ಕಳೆದರೆ ೯,೯೯೯ ಉಳಿಯುತ್ತದೆ. ನಾನೂರು ಯಾ ಮತ್ತು ಒಂದನ್ನು ಎರಡು ಪಕ್ಷಗಳಿಗೂ ಕೂಡಿಸಿದರೆ ಮೊದಲ ಪಕ್ಷ ಪೂರ್ಣವರ್ಗವಾಗಿಬಿಡುತ್ತದೆ. ಯಾರಿಗಾದರೂ ಮೊದಲು ಹೊಳೆಯುವ ದಾರಿ ಇದೇ. ಆದರೆ ಎರಡನೆಯ ಪಕ್ಷದಲ್ಲಿ ನಾನೂರು ಯಾ ಮತ್ತು ಹತ್ತು ಸಾವಿರ ನಿಲ್ಲುತ್ತದೆ, ಅದಕ್ಕೆ ವರ್ಗಮೂಲವಿಲ್ಲ. ಸೋತ ಈ ಹೆಜ್ಜೆಯನ್ನು ಭಾಸ್ಕರಾಚಾರ್ಯರು ಮುಚ್ಚಿಡಲಿಲ್ಲ. ಹೀಗೆ ಹೋದರೆ ದಾರಿ ನಿಲ್ಲುತ್ತದೆಂದು ಹೇಳಿ, ಬುದ್ಧಿ ಬೇಕಾದದ್ದು ಇಲ್ಲಿಯೇ ಎಂದು ತೋರಿಸಿದರು. ಅನಂತರ ನಾಲ್ಕು ವರ್ಗಗಳನ್ನೂ ನಾನೂರು ಯಾ ವನ್ನೂ ಒಂದನ್ನೂ ಎರಡು ಕಡೆಗೂ ಕೂಡಿಸಿದರು. ಆಗ ಒಂದು ಪಕ್ಷ ವರ್ಗಕ್ಕೆ ಒಂದು ಕೂಡಿದ್ದರ ವರ್ಗ. ಇನ್ನೊಂದು ಪಕ್ಷ ಎರಡು ಯಾ ಗೆ ನೂರು ಕೂಡಿದ್ದರ ವರ್ಗ. ಮೂಲ ತೆಗೆದಾಗ ಉಳಿಯುವುದು ಸುಲಭವಾದ ವರ್ಗಸಮೀಕರಣ. ಉತ್ತರ ಹನ್ನೊಂದು. ಪಾಠ ಹೇಳುವವನು ಉತ್ತರಕ್ಕಿಂತ ಮೊದಲು ತಪ್ಪುದಾರಿಯನ್ನು ತೋರಿಸುವುದು ಗಣಿತಗ್ರಂಥಗಳಲ್ಲಿ ಅಪರೂಪ.

ಅವರು ತೆರೆದಿಟ್ಟ ಪ್ರಶ್ನೆಗೆ ಸಾಮಾನ್ಯ ಉತ್ತರ ದೊರೆತದ್ದು ಇಟಲಿಯಲ್ಲಿ. ಭಾಸ್ಕರಾಚಾರ್ಯರ ಹಿರಿಯ ಸಮಕಾಲೀನನಾದ ಪರ್ಷಿಯದ ಉಮರ್ ಖಯ್ಯಾಮನು ವಕ್ರರೇಖೆಗಳನ್ನು ಎಳೆದು ಘನಸಮೀಕರಣಗಳ ಮೂಲವನ್ನು ರೇಖಾಗಣಿತದಿಂದ ಕಂಡಿದ್ದನು. ಆದರೆ ಅಂಕಿಗಳ ಸೂತ್ರ ಅವನಿಗೂ ಸಿಕ್ಕಿರಲಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಬೊಲೋನ್ಯ ನಗರದ ಸಿಪಿಯೋನೆ ದೆಲ್ ಫೆರೋ ಒಂದು ಬಗೆಯ ಘನಸಮೀಕರಣಕ್ಕೆ ಸೂತ್ರವನ್ನು ಕಂಡು ಅದನ್ನು ಗುಟ್ಟಾಗಿರಿಸಿದನು. ಅವನ ಶಿಷ್ಯ ಫಿಯೋರನು ಆ ಗುಟ್ಟಿನ ಬಲದಿಂದ ೧೫೩೫ರಲ್ಲಿ ತಾರ್ತಾಲ್ಯನೆಂಬುವನನ್ನು ಸ್ಪರ್ಧೆಗೆ ಕರೆದು ಸೋತನು. ತಾರ್ತಾಲ್ಯ ತಾನೇ ಆ ಸೂತ್ರವನ್ನು ಕಂಡುಕೊಂಡಿದ್ದನು. ಅವನೂ ಅದನ್ನು ಗುಟ್ಟಾಗಿಯೇ ಇಟ್ಟು, ೧೫೩೯ರಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡು ಕಾರ್ದಾನೋ ಎಂಬ ವೈದ್ಯನಿಗೆ ತಿಳಿಸಿದನು. ಕಾರ್ದಾನೋ ೧೫೪೫ರಲ್ಲಿ ಅದನ್ನು ತನ್ನ ಆರ್ಸ್ ಮಾಗ್ನಾ ಎಂಬ ಗ್ರಂಥದಲ್ಲಿ ಪ್ರಕಟಿಸಿದನು. ಇಬ್ಬರ ನಡುವೆ ಹುಟ್ಟಿದ ಜಗಳ ಬಹುಕಾಲ ಆರಲಿಲ್ಲ. ಸಿದ್ಧಾಂತ ಶಿರೋಮಣಿ ಮುಗಿದ ವರ್ಷಕ್ಕೂ ಈ ಪ್ರಕಟಣೆಗೂ ೩೯೫ ವರ್ಷಗಳ ಅಂತರ. ಕಾಕತಾಳೀಯವೆಂಬಂತೆ, ಅದೇ ೧೫೪೫ರಲ್ಲಿ ಭಾರತದಲ್ಲಿ ಗಣೇಶ ದೈವಜ್ಞನು ಲೀಲಾವತಿಗೆ ಬುದ್ಧಿವಿಲಾಸಿನೀ ಎಂಬ ವ್ಯಾಖ್ಯಾನವನ್ನು ಬರೆದನು.

ಭಾಸ್ಕರಾಚಾರ್ಯರ ಬುದ್ಧಿ ಅತ್ಯಂತ ಎತ್ತರಕ್ಕೆ ಏರಿದ್ದು ಚಕ್ರವಾಲ ಎಂಬ ಕ್ರಮದಲ್ಲಿ. ಈ ಕ್ರಮವನ್ನು ಅವರಿಗೂ ಮೊದಲೇ ಜಯದೇವನೆಂಬ ಗಣಿತಜ್ಞನು ಬಲ್ಲನು. ಅದನ್ನು ಪಳಗಿಸಿ ಲೋಕಕ್ಕೆ ಕೊಟ್ಟವರು ಭಾಸ್ಕರಾಚಾರ್ಯರು. ಒಂದು ಸಂಖ್ಯೆಯ ವರ್ಗವನ್ನು ೬೧ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಮತ್ತೊಂದು ಪೂರ್ಣವರ್ಗವಾಗಬೇಕು. ಅವರು ಕಂಡ ಉತ್ತರಗಳು ೨೨,೬೧,೫೩,೯೮೦ ಮತ್ತು ೧,೭೬,೬೩,೧೯,೦೪೯. ಫ್ರಾನ್ಸಿನ ಫೆರ್ಮಾ ೧೬೫೭ರಲ್ಲಿ ಇದೇ ಲೆಕ್ಕವನ್ನು ಯೂರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದಾಗ, ಅದು ಐದು ಶತಮಾನಗಳ ಹಿಂದೆಯೇ ಬಿಡಿಸಲ್ಪಟ್ಟಿದ್ದುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಂತಹವರೂ ಎಡವಿದ ಸ್ಥಳವುಂಟು. ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ಅವರು ಖಹರವೆಂದು ಕರೆದು, ಅದು ಕೂಡಿದರೂ ಕಳೆದರೂ ಬದಲಾಗದ ಅನಂತವೆಂದರು. ಅಷ್ಟಕ್ಕೆ ನಿಲ್ಲದೆ, ಸೊನ್ನೆಯಿಂದ ಗುಣಿಸಿದ ಸಂಖ್ಯೆಯನ್ನು ಮತ್ತೆ ಸೊನ್ನೆಯಿಂದ ಭಾಗಿಸಿದರೆ ಮೊದಲಿನ ಸಂಖ್ಯೆಯೇ ಉಳಿಯುತ್ತದೆಂದೂ ಹೇಳಿದರು. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ.

ಬಹಳ ಕಾಲದ ಮೇಲೆ, ೧೧೮೩ರಲ್ಲಿ, ಅವರು ಕರಣಕುತೂಹಲ ಎಂಬ ಮತ್ತೊಂದು ಜ್ಯೋತಿಷಗ್ರಂಥವನ್ನು ರಚಿಸಿದರು. ಆಗ ಅವರ ವಯಸ್ಸು ಅರವತ್ತೊಂಬತ್ತು. ಗ್ರಹಗಳ ಸ್ಥಾನವನ್ನು ಸುಲಭವಾಗಿ ಗುಣಿಸಿಕೊಳ್ಳಲು ಪಂಚಾಂಗ ಕಟ್ಟುವವರಿಗೆ ನೆರವಾಗುವ ಕೈಪಿಡಿಯಿದು. ಕಲ್ಯಾಣದ ಚಾಲುಕ್ಯರ ವೈಭವ ಅಷ್ಟರಲ್ಲಿ ಇಳಿದಿತ್ತು. ಬಿಜ್ಜಳನು ಸಿಂಹಾಸನವನ್ನು ಏರಿ ಇಳಿದದ್ದೂ ಆಗಿತ್ತು. ಉತ್ತರದಲ್ಲಿ ದೇವಗಿರಿಯ ಯಾದವರು ತಲೆಯೆತ್ತುತ್ತಿದ್ದರು.

ಆ ಯಾದವರ ಆಶ್ರಯದಲ್ಲಿಯೇ ಭಾಸ್ಕರಾಚಾರ್ಯರ ವಿದ್ಯೆ ಮುಂದಿನ ತಲೆಮಾರಿಗೆ ಸಾಗಿತು. ಮಗ ಲಕ್ಷ್ಮೀಧರನನ್ನು ಯಾದವ ದೊರೆ ಜೈತ್ರಪಾಲನು ತನ್ನ ಆಸ್ಥಾನಕ್ಕೆ ಕರೆಸಿಕೊಂಡನು. ಮೊಮ್ಮಗ ಚಂಗದೇವನು ಸಿಂಘಣನ ಆಸ್ಥಾನದ ಜ್ಯೋತಿಷಿಯಾದನು. ಬೀಜಗಣಿತವು ೧೬೩೪ರಲ್ಲಿ ಪಾರಸೀ ಭಾಷೆಗೂ, ಅದರಿಂದ ೧೮೧೩ರಲ್ಲಿ ಇಂಗ್ಲಿಷಿಗೂ ಹೋಯಿತು. ೧೮೧೭ರಲ್ಲಿ ಕೋಲ್‌ಬ್ರೂಕನು ಲೀಲಾವತಿಯನ್ನೂ ಬೀಜಗಣಿತವನ್ನೂ ಸಂಸ್ಕೃತದಿಂದ ನೇರವಾಗಿ ಅನುವಾದಿಸಿದ ಮೇಲೆ ಯೂರೋಪಿನ ಪಂಡಿತರಿಗೆ ಭಾಸ್ಕರಾಚಾರ್ಯರ ನಿಜವಾದ ಪರಿಚಯವಾಯಿತು.

ಚಾಳೀಸಗಾಂವದ ಸಮೀಪದ ಪಾಟಣ ಎಂಬಲ್ಲಿ ದೊರೆತ ಒಂದು ಶಿಲಾಶಾಸನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಡಾಕ್ಟರ್ ಭಾವೂ ದಾಜಿಯವರು ಬೆಳಕಿಗೆ ತಂದರು. ಭಾಸ್ಕರಾಚಾರ್ಯರ ವಂಶಾವಳಿ ಅದರಲ್ಲಿದೆ. ತನ್ನ ತಾತನ ಸಿದ್ಧಾಂತ ಶಿರೋಮಣಿ ಮೊದಲಾದ ಗ್ರಂಥಗಳ ಪಾಠ ನಡೆಯಬೇಕೆಂದು ಚಂಗದೇವನು ಅಲ್ಲಿ ಒಂದು ಮಠವನ್ನು ಸ್ಥಾಪಿಸಿದನು. ಅದಕ್ಕೆ ೧೨೦೭ರಲ್ಲಿ ನಿಕುಂಭ ವಂಶದ ಸಾಮಂತ ಸೋಯಿದೇವನು ಭೂಮಿಕಾಣಿಗಳನ್ನು ದತ್ತಿಯಾಗಿ ಕೊಟ್ಟನು. ಶಾಸನದ ಬಹುಭಾಗ ಸಂಸ್ಕೃತದಲ್ಲಿದೆ. ಕೊನೆಯ ಕೆಲವು ಸಾಲುಗಳು ಮಾತ್ರ ಊರಜನರಿಗೆ ತಿಳಿಯುವ ಹಳೆಯ ಮರಾಠಿಯಲ್ಲಿವೆ. ಪೇಟೆಯ ವ್ಯಾಪಾರದಿಂದಲೂ ಎಣ್ಣೆಯ ಗಾಣದಿಂದಲೂ ಆ ಪಾಠಶಾಲೆಗೆ ಸಲ್ಲಬೇಕಾದ ಪಾಲನ್ನು ಅಲ್ಲಿ ಬರೆದಿಡಲಾಗಿದೆ.